ಜೇಬುಚಾಕು ಮೀಮಾಂಸೆ: ಚನ್ನರಾಯಪಟ್ಟಣ ಸೀಮೆಯ ಉಕ್ಕುಗಳನ್ನು ಕುರಿತು

ಚಾಕು ಇರುವುದು ಹೆಚ್ಚುವುದಕ್ಕೆ ಎಂಬ ತಪ್ಪು ತಿಳಿವಳಿಕೆ ಲೋಕದಲ್ಲಿ ಬಹಳ ಕಾಲದಿಂದ ನಡೆದುಬಂದಿದೆ. ಅದನ್ನು ಖಂಡಿಸಿ, ಚಾಕುವಿನ ಪರಮ ಪ್ರಯೋಜನ ಅದರ ಉಕ್ಕಿನ ಹೆಸರು ಹೇಳುವುದರಲ್ಲಿದೆ, ಹೆಚ್ಚುವುದು ಕೇವಲ ಆನುಷಂಗಿಕ ಎಂಬ ಸಿದ್ಧಾಂತವನ್ನು ಸ್ಥಾಪಿಸುವುದು ಈ ಪ್ರಬಂಧದ ಉದ್ದೇಶ. ಸಿದ್ಧಾಂತವೇನೂ ಹೊಸದಲ್ಲ. ಮಡಿಚಿ ಜೇಬಿಗಿಳಿಸುವ ಮೂರಿಂಚಿನ ಚಾಕುಗಳನ್ನು ಉಕ್ಕಿಗೊಂದರಂತೆ ಕೊಂಡು, ಎಣ್ಣೆ ಸವರಿ, ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸಿ, ಆಗಾಗ ತೆಗೆದು ನೋಡಿ ಮತ್ತೆ ಮಲಗಿಸುವ ಸಂಗ್ರಾಹಕರು ಇದನ್ನು ಆಚರಿಸಿ ತೋರಿಸುತ್ತಲೇ ಇದ್ದಾರೆ. ಶಾಸ್ತ್ರ ಬರೆಯುವ ಪುರುಸೊತ್ತು ಮಾತ್ರ ಅವರಿಗೆ ಸಿಕ್ಕಿಲ್ಲ. ಅವರ ಪೆಟ್ಟಿಗೆಯಲ್ಲಿ ಡಿ2 ಇರುತ್ತದೆ, ಜಪಾನಿನ ವಿಜಿ-10 ಇರುತ್ತದೆ, ಆಸ್ಟ್ರಿಯಾದ ಎಂ390 ಇರುತ್ತದೆ, 2001ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎಸ್30ವಿ, 2021ರಲ್ಲಿ ಅಲ್ಲೇ ಹುಟ್ಟಿದ ಮ್ಯಾಗ್ನಾಕಟ್ ಇರುತ್ತವೆ. ಈರುಳ್ಳಿ ಹೆಚ್ಚಲು ಅಡುಗೆಮನೆಯಲ್ಲಿ ಬೇರೆಯೇ ಒಂದು ಚಾಕು ಇರುತ್ತದೆ. ಸಿದ್ಧಾಂತದ ಪರೀಕ್ಷೆಗೆ ಚನ್ನರಾಯಪಟ್ಟಣ ತಾಲ್ಲೂಕನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಇದು ತೆಂಗು ಮತ್ತು ರಾಗಿಯ ಸೀಮೆ. ಇಲ್ಲಿ ಅಲಗಿಲ್ಲದೆ ಬೆಳಗಾಗುವುದಿಲ್ಲ. ಅಲಗಿಗೆ ಕೆಲಸವೇ ಬೇಡ ಎನ್ನುವ ವಾದ ಇಲ್ಲಿ ನಿಂತರೆ ಎಲ್ಲಿ ಬೇಕಾದರೂ ನಿಲ್ಲುತ್ತದೆ.

ಮೊದಲು ಐತಿಹ್ಯ ಪ್ರಮಾಣ. ಯುರೋಪಿನವರು ವೂಟ್ಸ್ ಎಂದು ಕರೆದ ನಮ್ಮ ಕಡೆಯ ಮೂಸೆಯುಕ್ಕಿನ ಗಟ್ಟಿಗಳನ್ನು ಮುಂಬಯಿಯ ಡಾ. ಹೆಲೆನಸ್ ಸ್ಕಾಟ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿಕೊಟ್ಟ. ಜಾರ್ಜ್ ಪಿಯರ್ಸನ್ 1795ರಲ್ಲಿ ಆ ಸೊಸೈಟಿಯ ಮುಂದೆ ಅದರ ಬಗ್ಗೆ ಪ್ರಬಂಧ ಓದಿದ. ಆ ಅಪರೂಪದ ಉಕ್ಕಿನಿಂದ ಅಧ್ಯಕ್ಷರು ಮೊದಲು ಮಾಡಿಸಿದ್ದೇನು? ಖಡ್ಗವಲ್ಲ, ನೇಗಿಲ ಗುಳವಲ್ಲ. ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನನ್ನು ಕರೆಸಿ ಒಂದು ಪೆನ್ನುಚಾಕು ಮಾಡಿಸಿದರು. ಅದೇ ಸ್ಟೊಡಾರ್ಟ್ ಮುಂದೆ ಮೈಕೆಲ್ ಫ್ಯಾರಡೆಯ ಜೊತೆ ಸೇರಿ, ವೂಟ್ಸನ್ನು ಅನುಕರಿಸುವ ಆಸೆಯಿಂದ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿ ನೋಡಿದ. 1820 ಮತ್ತು 1822ರಲ್ಲಿ ಆ ಪ್ರಯೋಗಗಳ ವರದಿ ಅಚ್ಚಾಯಿತು. ಫ್ಯಾರಡೆ ಬಿಟ್ಟುಹೋದ ಮರದ ಪೆಟ್ಟಿಗೆಯಲ್ಲಿ ಬೇರೆ ಬೇರೆ ಉಕ್ಕಿನ 79 ತುಣುಕುಗಳಿದ್ದವು. ನೂರಕ್ಕೂ ಹೆಚ್ಚು ವರ್ಷದ ಮೇಲೆ ರಾಬರ್ಟ್ ಹ್ಯಾಡ್‌ಫೀಲ್ಡ್ ಎಂಬ ಲೋಹಶಾಸ್ತ್ರಜ್ಞ ಅವನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದರಲ್ಲಿ ಏನು ಬೆರೆತಿದೆ ಎಂದು ಕಂಡುಹಿಡಿಯಬೇಕಾಯಿತು. ಇದರಿಂದ ಸಿದ್ಧವಾಗುವುದು ಇಷ್ಟು: ಉಕ್ಕಿಗೊಂದರಂತೆ ಕೂಡಿಟ್ಟು ಪೆಟ್ಟಿಗೆ ಮುಚ್ಚುವ ಹವ್ಯಾಸ ಸೋಮಾರಿಗಳದ್ದಲ್ಲ, ಡೈನಮೋದ ತತ್ವ ಕಂಡುಹಿಡಿದವನದ್ದು, ಮತ್ತು ಅದರ ಬೀಜ ಹೋದದ್ದು ನಮ್ಮ ಕಡೆಯಿಂದ.

ನಮ್ಮ ಕಡೆ ಎಂದರೆ ಎಲ್ಲಿ ಎಂದು ಕೇಳಿದರೆ ಸ್ವಲ್ಪ ಸಂಕಟ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚಾರ ಹೊರಟ ಫ್ರಾನ್ಸಿಸ್ ಬುಕಾನನ್ ಕಬ್ಬಿಣದ ಕುಲುಮೆಗಳ ವಿವರ ಬರೆದಿಟ್ಟ ಜಾಗಗಳಲ್ಲಿ ಚನ್ನರಾಯನದುರ್ಗವೂ ಒಂದು. ಮಳೆಗಾಲದ ಹಳ್ಳಗಳು ತಂದು ಹಾಕಿದ ಕಪ್ಪು ಮರಳನ್ನು ತೊಳೆದು ಅಲ್ಲಿ ಕಬ್ಬಿಣ ಮಾಡುತ್ತಿದ್ದರು. ಮೂಸೆಯುಕ್ಕು ಮಾಡುವಾಗ ಕಬ್ಬಿಣದ ಜೊತೆಗೆ ತಂಗಡಿ ಕಡ್ಡಿಯನ್ನೂ ಹಸಿ ಎಲೆಯನ್ನೂ ಮೂಸೆಯೊಳಗಿಟ್ಟು ಮಣ್ಣು ಮೆತ್ತಿ ಕಾಯಿಸುವುದು ಈ ಕಡೆಯ ಪದ್ಧತಿ. ಕಡ್ಡಿ ಕರಿಕಾಗಿ ಕಬ್ಬಿಣಕ್ಕೆ ಇಂಗಾಲ ಸೇರುತ್ತಿತ್ತು. ಚನ್ನರಾಯನದುರ್ಗವನ್ನು ಚನ್ನರಾಯಪಟ್ಟಣವೆಂದು ಓದಿಕೊಂಡುಬಿಟ್ಟರೆ ಈ ಪ್ರಬಂಧದ ಅರ್ಧ ಕೆಲಸ ಮುಗಿಯುತ್ತಿತ್ತು. ಇದಕ್ಕಿಂತ ದೊಡ್ಡ ಸಂಶೋಧನೆಗಳು ಇದಕ್ಕಿಂತ ಸಣ್ಣ ಹೋಲಿಕೆಯ ಮೇಲೆ ನಿಂತಿವೆ. ಆದರೆ ಅದಿರುವುದು ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಎಂದು ಶಾಲೆಯ ಮಕ್ಕಳೂ ಹೇಳಬಲ್ಲರಾದ್ದರಿಂದ ಆ ಸಾಹಸಕ್ಕೆ ಕೈಹಾಕಿಲ್ಲ.

ಬದಲಿಗೆ ತಾಲ್ಲೂಕಿನೊಳಗೇ ಇರುವ ಸಾಕ್ಷಿಯನ್ನು ಕರೆಯುತ್ತೇವೆ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ, ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಮಾಡಿಸಿದ ಸುಮಾರು 58 ಅಡಿಯ ಗೊಮ್ಮಟ ನಿಂತಿದ್ದಾನೆ. ಕಲ್ಲು ಗ್ರಾನೈಟ್. ಅದಕ್ಕೆ ಉಳಿ ಇಳಿಯಬೇಕಾದರೆ ಉಳಿಯ ಮೂತಿ ಗಟ್ಟಿಯಿರಬೇಕು, ಹಾಗಂತ ಪೆಡಸಾಗಿ ಮುರಿಯಲೂ ಬಾರದು. ಇದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯವಿದೆ. ಬೈಚೋಜ, ಮಲ್ಲಿತಮ್ಮ ಮುಂತಾದವರ ಕೈಚಳಕ ಅಲ್ಲಿ ಗೋಡೆ ತುಂಬ ಕಾಣುತ್ತದೆ. ಆದರೆ ಅದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆತ್ತಗಿರುವಂಥದ್ದು. ಕಲೆಗೆ ನುಗ್ಗೇಹಳ್ಳಿ ದೊಡ್ಡದಿರಬಹುದು, ಉಕ್ಕಿನ ಪರೀಕ್ಷೆಗೆ ಬೆಟ್ಟವೇ ಸರಿ. ಈಗ ಸಂಗ್ರಾಹಕನ ಕಣ್ಣಿನಿಂದ ನೋಡಿ. ಆ ಉಳಿಗಳಲ್ಲಿ ಇಂಗಾಲ ಎಷ್ಟಿತ್ತು, ರಾಕ್‌ವೆಲ್ ಮಾಪಕದಲ್ಲಿ ಗಡಸುತನ ಎಷ್ಟು ಬರುತ್ತಿತ್ತು, ಯಾವ ಕುಲುಮೆಯದು, ಒಂದಕ್ಕೂ ಉತ್ತರವಿಲ್ಲ. ಇಡೀ ಗುಡ್ಡವನ್ನು ಕಡಿದರು, ಉಳಿಯ ಉಕ್ಕಿನ ಹೆಸರು ಬರೆದಿಡಲಿಲ್ಲ. ಕೆಲಸದಲ್ಲಿ ಮುಳುಗಿದರೆ ವಿದ್ಯೆ ಹೇಗೆ ನಷ್ಟವಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಎತ್ತರದ ಉದಾಹರಣೆ ಕರ್ನಾಟಕದಲ್ಲಿ ಇನ್ನೊಂದಿಲ್ಲ.

ಇನ್ನು ಪ್ರತ್ಯಕ್ಷ ಪ್ರಮಾಣ. ತಾಲ್ಲೂಕಿನ ಒಂದು ರೈತರ ಮನೆಯ ಅಲಗುಗಳನ್ನೆಲ್ಲ ತಂದು ಜಗಲಿಯ ಮೇಲೆ ಸುರಿದರೆ, ಅದು ತನಗೇ ಗೊತ್ತಿಲ್ಲದ ಒಂದು ಉಕ್ಕಿನ ಸಂಗ್ರಹಾಲಯ. ಗರಿ ಸವರುವ, ಎಳನೀರು ಕೆತ್ತುವ ಮಚ್ಚು ಲಾರಿಯ ಸ್ಪ್ರಿಂಗ್ ಪಟ್ಟೆಯಿಂದ ಬಂದದ್ದು: ಶೇ. 0.5ರಿಂದ 0.6ರಷ್ಟು ಇಂಗಾಲ, ಜೊತೆಗೆ ಸಿಲಿಕಾನೋ ಮ್ಯಾಂಗನೀಸೋ ಕ್ರೋಮಿಯಮ್ಮೋ. ಬೆಂಗಳೂರು–ಮಂಗಳೂರು ಹೆದ್ದಾರಿ ಪಟ್ಟಣದ ಪಕ್ಕದಲ್ಲೇ ಹಾದು ಸಕಲೇಶಪುರದಾಚೆ ಶಿರಾಡಿ ಘಾಟಿಗೆ ಇಳಿಯುತ್ತದಾದ್ದರಿಂದ ಪಟ್ಟೆ ಮುರಿಯಲು ಬೇರೆ ಕಾರಣ ಹುಡುಕಬೇಕಾಗಿಲ್ಲ. ಸವೆದ ಅರದಿಂದ ತಟ್ಟಿದ ಚೂರಿಯಲ್ಲಿ ಇಂಗಾಲ ಅದರ ಎರಡರಷ್ಟು. ಹ್ಯಾಕ್ಸಾ ಬ್ಲೇಡನ್ನು ಉಜ್ಜಿ, ಒಂದು ತುದಿಗೆ ಬಟ್ಟೆ ಸುತ್ತಿ ಮಾಡಿಕೊಂಡ ಚಾಕು ಎಷ್ಟೋ ಸಲ ಹೈಸ್ಪೀಡ್ ಉಕ್ಕಿನದು, ಅದರಲ್ಲಿ ಮಾಲಿಬ್ಡಿನಮ್ಮೋ ಟಂಗ್‌ಸ್ಟನ್ನೋ ಇರುತ್ತದೆ. ಈಳಿಗೆಮಣೆಯ ಹಳೆಯ ಅಲಗು ಬರಿಯ ಇಂಗಾಲದ ಉಕ್ಕು; ಮಾವಿನಕಾಯಿ ಹೋಳು ಅದರಲ್ಲಿ ಕಪ್ಪಗಾದ್ದರಿಂದ ಮಗ್ಗುಲಲ್ಲಿ ಒಂದು ಸ್ಟೇನ್‌ಲೆಸ್ ಚಾಕು ಬಂದು ಕೂತಿದೆ. ಮಡಿಚಿ ಜೇಬಿಗಿಳಿಸುವ ಲಕ್ಷಣ ಎಲ್ಲಿದೆ ಎಂದು ಕೇಳುವವರು ಅಜ್ಜಿಯ ಎಲೆಅಡಿಕೆ ಚೀಲವನ್ನು ನೋಡಿಲ್ಲ. ಕೀಲಿನ ಮೇಲೆ ತಿರುಗುವ, ಅಲಗು ಮುಚ್ಚಿಕೊಳ್ಳುವ, ಮಡಿಲಲ್ಲೇ ಇರುವ ಅಡಕತ್ತರಿಗಿಂತ ಶುದ್ಧವಾದ ಜೇಬುಸಾಧನವನ್ನು ಸ್ವಿಟ್ಜರ್ಲೆಂಡ್ ಇನ್ನೂ ಮಾಡಿಲ್ಲ. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗವೂ ತಾಲ್ಲೂಕಿನ ಮೂಲಕವೇ ಪೂರ್ತಿಯಾಯಿತು. ಹಳಿಯ ಉಕ್ಕನ್ನೂ ಸಂಗ್ರಹಕ್ಕೆ ಸೇರಿಸಬಹುದಿತ್ತು, ರೈಲ್ವೆ ಪೊಲೀಸರು ಈ ಶಾಸ್ತ್ರದಲ್ಲಿ ಆಸಕ್ತಿ ತೋರಿಸಿಲ್ಲ.

ಪ್ರತಿವಾದಿಯ ಮೊದಲ ಬಾಣ ಇಲ್ಲಿಂದಲೇ ಬರುತ್ತದೆ: ಅಲಗಿನ ಗುಣ ಉಕ್ಕಿನ ಹೆಸರಿನಲ್ಲಿಲ್ಲ, ಹದದಲ್ಲಿದೆ. ಈ ಆಕ್ಷೇಪವನ್ನು ಲಘುವಾಗಿ ತಳ್ಳುವಂತಿಲ್ಲ, ಯಾಕೆಂದರೆ ದುರದೃಷ್ಟವಶಾತ್ ಇದು ನಿಜ. ಕಮ್ಮಾರನ ಕುಲುಮೆಯ ಮುಂದೆ ನಿಂತವರಿಗೆ ಗೊತ್ತು. ಕೆಂಪಗೆ ಕಾದ ಮಚ್ಚನ್ನು ಇಕ್ಕಳದಲ್ಲಿ ಹಿಡಿದು ಬಾಯಿಯ ಕಡೆಯನ್ನಷ್ಟೇ ನೀರಿಗೆ ಅದ್ದುತ್ತಾನೆ. ಬೆನ್ನು ಇನ್ನೂ ಬಿಸಿಯಾಗೇ ಇರುತ್ತದೆ. ತಕ್ಷಣ ಬಾಯನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಬೆಳಕಿಗೆ ಓರೆಯಾಗಿ ಹಿಡಿದು ಸುಮ್ಮನೆ ಕಾಯುತ್ತಾನೆ. ಬೆನ್ನಿನ ಶಾಖ ನಿಧಾನವಾಗಿ ಅಂಚಿಗೆ ಇಳಿಯುತ್ತಿದ್ದಂತೆ ಬಣ್ಣ ಓಡುತ್ತದೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಹುಲ್ಲಿನ ಹಳದಿ ಎಂದರೆ ಹೆಚ್ಚುಕಡಿಮೆ 220 ಡಿಗ್ರಿ ಸೆಲ್ಸಿಯಸ್, ನೀಲಿ ಎಂದರೆ 300ರ ಹತ್ತಿರ. ತನಗೆ ಬೇಕಾದ ಬಣ್ಣ ಬಾಯಿಗೆ ತಲುಪಿದ ಕ್ಷಣ ಇಡೀ ಮಚ್ಚನ್ನು ನೀರಿಗೆ ಬಿಡುತ್ತಾನೆ. ಒಂದೇ ಕಬ್ಬಿಣದಲ್ಲಿ ಬಾಯಿ ಗಡಸು, ಬೆನ್ನು ಮೆದು. ಎಸ್30ವಿಗೆ ಇದೇ ಕೆಲಸ ಮಾಡಲು 1,000 ಡಿಗ್ರಿ ದಾಟುವ ವಿದ್ಯುತ್ ಕುಲುಮೆ ಬೇಕು, ಕೆಲವರು ದ್ರವ ಸಾರಜನಕದಲ್ಲೂ ಅದ್ದುತ್ತಾರೆ. ಹದ ಕೆಟ್ಟರೆ ಅತ್ಯಂತ ದುಬಾರಿಯ ಉಕ್ಕೂ ತಗಡಿಗೆ ಸಮ, ಹದ ಕೂತರೆ ಲಾರಿ ಪಟ್ಟೆಯೂ ಬಂಗಾರ. ಇಷ್ಟೆಲ್ಲ ಒಪ್ಪಿದ ಮೇಲೂ ನಮ್ಮ ಸಿದ್ಧಾಂತಕ್ಕೆ ಕುಂದಿಲ್ಲ. ಹದವನ್ನು ಪೆಟ್ಟಿಗೆಯಲ್ಲಿಡಲು ಬರುವುದಿಲ್ಲ. ಅದಕ್ಕೆ ಉಕ್ಕಿನಂತೆ ಹೆಸರಿಲ್ಲ, ಅಲಗಿನ ಮೇಲೆ ಅಚ್ಚು ಹಾಕಲು ಆಗುವುದಿಲ್ಲ. ಸಂಗ್ರಹಿಸಲಾಗದ್ದು ಸಂಗ್ರಹಶಾಸ್ತ್ರದ ವಿಷಯವೇ ಅಲ್ಲ.

ಎರಡನೆಯ ಪೂರ್ವಪಕ್ಷ ಊಟದ ಮನೆಯಿಂದ ಬರುತ್ತದೆ. ಮುದ್ದೆಯನ್ನು ಕತ್ತರಿಸುವುದಿರಲಿ, ಅಗಿಯುವುದೂ ಇಲ್ಲದ ಸೀಮೆಯಲ್ಲಿ ಜೇಬಿಗೊಂದು ಚಾಕು ಯಾಕೆ? ಇದು ವಿರೋಧದಂತೆ ಕಂಡರೂ ನಮ್ಮ ಪಕ್ಷಕ್ಕೇ ಬಲ. ಬ್ರೆಡ್ಡು, ಚೀಸು, ಮಾಂಸದ ತುಂಡು ಎದುರಿಗಿಟ್ಟುಕೊಂಡವನ ಚಾಕು ಹೊಟ್ಟೆಯ ಗುಲಾಮ. ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಹುಟ್ಟಿದ ಓಪಿನೆಲ್ ಚಾಕು ಇವತ್ತಿಗೂ ರೈತರ ಬುತ್ತಿಯ ಸೇವೆಯಲ್ಲೇ ಇದೆ, ಪಾಪ. ಸೊಪ್ಪಿನ ಸಾರಿನಲ್ಲಿ ಅದ್ದಿ ನುಂಗುವವನ ಚಾಕುವಿಗೆ ಆ ಬಂಧನವಿಲ್ಲ. ಅದು ಶುದ್ಧ ಜ್ಞಾನಕ್ಕೆ ಮೀಸಲು. ಸಂಗ್ರಾಹಕ ತನ್ನ ಎಡಗೈಯ ರೋಮ ಹೆರೆದು ಮೊನಚು ನೋಡುತ್ತಾನೆ, ಅದನ್ನು ಬಿಟ್ಟರೆ ಪತ್ರಿಕೆಯ ಹಾಳೆ ಸೀಳುತ್ತಾನೆ. ಎಡ ಮುಂಗೈ ಬೋಳಾಗಿದ್ದು ಬಲ ಮುಂಗೈಯಲ್ಲಿ ಕೂದಲಿದ್ದರೆ ಅವನು ಈ ಪಂಥದವನೆಂದು ತಿಳಿಯತಕ್ಕದ್ದು.

ಮೂರನೆಯದು ಗಂಭೀರ. ತಾಲ್ಲೂಕಿನ ಅತ್ಯಂತ ಪ್ರಸಿದ್ಧ ಕ್ಷೇತ್ರವಾದ ಶ್ರವಣಬೆಳಗೊಳ ಅಲಗನ್ನೇ ಬೇಡವೆಂದದ್ದು. ದಿಗಂಬರ ಮುನಿಗಳು ಕತ್ತಿ ಕತ್ತರಿ ಮುಟ್ಟದೆ ಕೈಯಿಂದಲೇ ಕೂದಲು ಕೀಳುತ್ತಾರೆ, ಅದು ಕೇಶಲೋಚ. ಅಂಥ ನೆಲದಲ್ಲಿ ಚಾಕು ಕೂಡಿಡುವುದು ಸಲ್ಲುವುದೇ? ಅಹಿಂಸೆಯ ಮಟ್ಟಿಗೆ ಸಂಗ್ರಾಹಕ ಪಾಸಾಗುತ್ತಾನೆ: ಅವನ ಚಾಕುವಿನಿಂದ ಟೊಮೆಟೊಗೂ ನೋವಾದದ್ದಿಲ್ಲ. ಅಪರಿಗ್ರಹದಲ್ಲಿ, ಎಂದರೆ ಏನನ್ನೂ ಕೂಡಿಡದಿರುವುದರಲ್ಲಿ, ಅವನು ಉಳಿಯುವುದಿಲ್ಲ. ಈ ಒಂದು ಕಡೆ ನಾವು ಸೋಲೊಪ್ಪಿಕೊಂಡು ಮುಂದೆ ಹೋಗುತ್ತೇವೆ. ಕಾನೂನಿನ ತೊಡಕು ಅಷ್ಟಿಲ್ಲ. ಆಯುಧ ನಿಯಮಗಳ ಲೆಕ್ಕದಲ್ಲಿ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧ. ಮನೆಗೆಲಸಕ್ಕೂ ಬೇಸಾಯಕ್ಕೂ ಮಾಡಿದವು ಹೊರತು. ಹೀಗಾಗಿ ಒಂದೇ ಏಟಿಗೆ ಎಳನೀರಿನ ತಲೆ ಹಾರಿಸುವ ಮಚ್ಚು ಬೇಸಾಯದ ಉಪಕರಣವಾಗಿ ಉಳಿದುಕೊಳ್ಳುತ್ತದೆ, ಮೂರಿಂಚಿನ ಎಂ390 ಅಳತೆಯಲ್ಲೇ ಬಚಾವಾಗುತ್ತದೆ.

ಹಾಗಾದರೆ ಯಾವ ಉಕ್ಕು ಶ್ರೇಷ್ಠ? ಸಂಗ್ರಾಹಕರು ಜಗಳವಾಡುತ್ತಿರುವ ಈ ಪ್ರಶ್ನೆಗೆ ಬೆಳಗೊಳದ ಜೈನರ ಸ್ಯಾದ್ವಾದ ಬಿಟ್ಟರೆ ಬೇರೆ ಔಷಧ ಕಾಣದು. ಶೇ. 20ರಷ್ಟು ಕ್ರೋಮಿಯಂ ಇರುವ ಎಂ390 ಸುಲಭಕ್ಕೆ ತುಕ್ಕು ಹಿಡಿಯದು, ಮೊನೆ ಬಹುಕಾಲ ನಿಲ್ಲುತ್ತದೆ. ಆ ದೃಷ್ಟಿಯಲ್ಲಿ ಅದು ಶ್ರೇಷ್ಠ. ಅದರೊಳಗಿನ ವೆನೇಡಿಯಂ ಕಾರ್ಬೈಡಿನ ಕಣಗಳು ಮಾಮೂಲು ಸಾಣೆಕಲ್ಲಿಗಿಂತ ಗಟ್ಟಿ, ಒಮ್ಮೆ ಮೊಂಡಾದರೆ ವಜ್ರದ ಪುಡಿಯ ಸಾಣೆ ಬೇಕು; ಆ ದೃಷ್ಟಿಯಲ್ಲಿ ಅಲ್ಲ. ಲಾರಿ ಪಟ್ಟೆಯ ಮಚ್ಚು ಬೇಗ ಮೊಂಡಾಗುತ್ತದೆ, ಆದರೆ ತೋಟದ ಬದುವಿನ ಕಲ್ಲಿಗೆ ನಾಲ್ಕು ಸಲ ಉಜ್ಜಿದರೆ ಬಾಯಿ ಬರುತ್ತದೆ, ಬಂಡೆಗೆ ತಾಗಿದರೂ ಚಕ್ಕೆ ಹಾರುವುದಿಲ್ಲ. ಆದ್ದರಿಂದ ಒಂದು ನೆಲೆಯಲ್ಲಿ ಹೌದು, ಒಂದು ನೆಲೆಯಲ್ಲಿ ಅಲ್ಲ, ಒಂದು ನೆಲೆಯಲ್ಲಿ ಹೌದೂ ಅಲ್ಲವೂ. ಬೆಲೆ ಕೇಳಿದ ಮೇಲೆ ಅವಕ್ತವ್ಯ. ಶ್ರೇಷ್ಠ ಉಕ್ಕು ಯಾವುದೆಂದು ತೀರ್ಮಾನವಾಗದ ಕಾರಣ ಎಲ್ಲ ಉಕ್ಕನ್ನೂ ಕೊಳ್ಳುವುದೊಂದೇ ಶಾಸ್ತ್ರಸಮ್ಮತ ಮಾರ್ಗ ಎಂಬಲ್ಲಿಗೆ ಸಿದ್ಧಾಂತ ಸ್ಥಾಪಿತವಾಯಿತು.

ಓದುಗರಲ್ಲಿ ಎರಡು ವಿನಂತಿ. ಹಳೆಯ ಮಚ್ಚು, ಅಡಕತ್ತರಿ, ಈಳಿಗೆಮಣೆಯನ್ನು ಗುಜರಿಯವರಿಗೆ ತೂಕಕ್ಕೆ ಹಾಕುವ ಮುಂಚೆ ಅದು ಯಾತರಿಂದ ಮಾಡಿದ್ದು, ಯಾವ ಊರಿನ ಕುಲುಮೆಯಲ್ಲಿ ತಟ್ಟಿದ್ದು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಅದನ್ನು ಹುಡುಕಲು ನಮ್ಮಲ್ಲಿಗೆ ಹ್ಯಾಡ್‌ಫೀಲ್ಡ್ ಬರುವುದಿಲ್ಲ. ಹಾಗೆಯೇ, ಜೇಬಿನಲ್ಲಿ ಎಂಥ ಉಕ್ಕಿನ ಚಾಕುವೇ ಇರಲಿ, ರಸ್ತೆ ಬದಿಯಲ್ಲಿ ಎಳನೀರು ಕೊಂಡಾಗ ಅದನ್ನು ಹೊರಗೆ ತೆಗೆಯಬೇಡಿ. ಮಾರುವವರ ಹತ್ತಿರ ಮಚ್ಚಿದೆ, ಅವರೇ ಕೆತ್ತಿ ಕೊಡುತ್ತಾರೆ.