ಕರಾರು ತೀರಿಸೋಕೆ ಕೂಡಿದವರು

ನಿನ್ನೆ ಸಂಜೆ ನಮ್ಮನೆ ಕಡೆಯಿಂದ ಕೇಳಿಸಿತಲ್ಲ ಮೇಷ್ಟ್ರೇ, ಅದು ಅಥೀಸ್ಟ್ ಅನ್ನೋ ತಂಡದ ಆಲ್ಬಂ. ಅಮೆರಿಕದ ಫ್ಲಾರಿಡಾದವರು. ಟೆಕ್ನಿಕಲ್ ಡೆತ್ ಮೆಟಲ್ ಅಂತಾರೆ ಆ ಬಗೆಗೆ. ಬರೀ ಕಿರುಚಾಟ ಅಂದ್ಕೋಬೇಡಿ, ಲೆಕ್ಕಾಚಾರ ಬಹಳ ಇದೆ. ನೀವು ತೊಡೆ ಮೇಲೆ ತಾಳ ಹಾಕ್ತಾ ಕೂತ್ಕೊಳ್ಳಿ, ನಾಲ್ಕು ಆವರ್ತ ಮುಗಿಯೋದ್ರೊಳಗೆ ನಡೆ ಬದಲಾಗಿರುತ್ತೆ.

ನಾನು ಕೇಳ್ತಿದ್ದದ್ದು 'ಎಲಿಮೆಂಟ್ಸ್', 1993ರದು, ಅವರ ಮೂರನೇದು. ಅದಾದ ಮೇಲೆ ತಂಡ ಮುಗೀತು. ಹಾಗೆ ನೋಡಿದ್ರೆ ಅದಕ್ಕೂ ಮೊದಲೇ ಚೆದುರಿ ಹೋಗಿತ್ತು. ಇನ್ನೊಂದು ಆಲ್ಬಂ ಕೊಡಬೇಕು ಅಂತ ಕಂಪನಿ ಜೊತೆ ಕರಾರಿತ್ತು, ಅದನ್ನ ತೀರಿಸೋಕೆ ಮತ್ತೆ ಕೂಡಿದ್ರು. ಹಾಡು ಕಟ್ಟಿ ರೆಕಾರ್ಡ್ ಮಾಡಿ ಮುಗಿಸಿದ್ದು ಸುಮಾರು 40 ದಿನದಲ್ಲಿ. ಅದಕ್ಕೇ ಕೆಲವರು ಇದನ್ನ ಕಾಟಾಚಾರದ ಕೆಲಸ ಅಂತ ತಳ್ಳಿಹಾಕ್ತಾರೆ. ನನಗದು ಒಪ್ಪಿಗೆಯಿಲ್ಲ.

ಆ ಹುಡುಗರು ಪಟ್ಟ ಪಾಡು ಕೇಳಿ. ರೋಜರ್ ಪ್ಯಾಟರ್ಸನ್ ಅಂತ ಬಾಸ್ ನುಡಿಸೋನಿದ್ದ. ಈ ಸಂಗೀತದಲ್ಲಿ ಬಾಸ್ ಅಂದ್ರೆ ಗಿಟಾರಿನ ಹಿಂದೆ ಗೊಣಗೋ ವಾದ್ಯವಾಗಿದ್ದ ಕಾಲದಲ್ಲಿ ಅವನ ಬಾಸ್ ಮುಂದೆ ಬಂದು ಮಾತಾಡ್ತಿತ್ತು. 1991ರ ಫೆಬ್ರವರಿಯಲ್ಲಿ, ಕಛೇರಿ ಪ್ರವಾಸ ಮುಗಿಸಿ ಊರಿಗೆ ವಾಪಸ್ ಬರೋವಾಗ ವ್ಯಾನ್ ಅಪಘಾತ, ಹೋಗಿಬಿಟ್ಟ. ಎರಡನೇ ಆಲ್ಬಮಿಗೆ ಅವನು ಕಟ್ಟಿಟ್ಟಿದ್ದ ಸಾಲುಗಳನ್ನ ಟೋನಿ ಚಾಯ್ ಕಲಿತು ನುಡಿಸಿದ. ಸತ್ತವನ ಬೆರಳಿನ ಓಟ ಕಲಿಯೋದು ಎಂಥ ಭಾರದ ಕೆಲಸ, ಯೋಚನೆ ಮಾಡಿ!

'ಎಲಿಮೆಂಟ್ಸ್'ನಲ್ಲಿ ಚಾಯ್ ತನ್ನದೇ ಬಾಸ್ ನುಡಿಸ್ತಾನೆ, ಅದೇ ಅದರ ಜೀವ. ಡ್ರಮ್ಸಿಗೆ ಮೊದಲಿದ್ದ ಸ್ಟೀವ್ ಫ್ಲಿನ್ ಇರಲಿಲ್ಲ, ಜಾಶ್ ಗ್ರೀನ್‌ಬಾಮ್ ಬಂದಿದ್ದ. ಹಾಡೋ ಕೆಲ್ಲಿ ಶೇಫರ್ ಸೇರಿ ಮೂರು ಮೂರು ಗಿಟಾರ್. ನಾಲ್ಕು ಹಾಡುಗಳ ಹೆಸರೇ ನೀರು, ಗಾಳಿ, ಬೆಂಕಿ, ಭೂಮಿ ಅಂತ. ನಮ್ಮ ಪಂಚಭೂತಗಳಲ್ಲಿ ಆಕಾಶ ಒಂದಿಲ್ಲ ನೋಡಿ, ಪಶ್ಚಿಮದವರ ಹಳೇ ಲೆಕ್ಕದಲ್ಲಿ ನಾಲ್ಕೇ. 'ವಾಟರ್' ಮುಗೀತಿದ್ದ ಹಾಗೇ 'ಸಾಂಬಾ ಬ್ರೀಜಾ' ಅನ್ನೋ ತುಣುಕು ಬರುತ್ತೆ. ಅಬ್ಬರ ಎಲ್ಲ ಬದಿಗಿಟ್ಟು ಬ್ರೆಜಿಲಿನ ಸಾಂಬಾ! ಡೆತ್ ಮೆಟಲ್ ಕೇಳೋರು ಏನಂದುಕೊಂಡಾರೋ ಅನ್ನೋ ಅಂಜಿಕೆಯೇ ಇಲ್ಲ. ಆಮೇಲೆ ಆ ಸಾಂಬಾ, ಜಾಝ್ ಲಯ ಉಳಿದ ಹಾಡುಗಳೊಳಗೂ ಇಣುಕ್ತಾ ಇರುತ್ತೆ.

ಕಾಟಾಚಾರಕ್ಕೆ ಮಾಡೋರು ಹಳೇದನ್ನೇ ತಿರುಗಿಸಿ ಕೊಡ್ತಾರೆ ಮೇಷ್ಟ್ರೇ. ಇವರು ಕಳಕೊಳ್ಳೋಕೆ ಏನೂ ಉಳಿದಿಲ್ಲ ಅನ್ನೋ ಹೊತ್ತಲ್ಲಿ, ಅಲ್ಲೀವರೆಗೂ ಧೈರ್ಯ ಮಾಡದೇ ಇದ್ದದ್ದನ್ನ ಮಾಡಿದ್ರು. ಬಿಗಿ ಅಂದ್ರೆ ಎರಡನೇ ಆಲ್ಬಮೇ, ಒಪ್ಕೋತೀನಿ. ಆದರೆ ಮನಸ್ಸು ಬಿಚ್ಚಿ ನುಡಿಸಿದ್ದು ಇದರಲ್ಲಿ.

ಕೊನೇ ಹಾಡಿಗಿಂತ ಒಂದು ಮುಂಚೆ 'ಸೀ ಯು ಅಗೇನ್' ಅಂತ ಹಾಡಿದೆ. ಆ ಹೆಸರಿಗೆ ತಕ್ಕಂತೆ ಅವರು ಮತ್ತೆ ಸೇರಿದ್ರು, 2006ರಲ್ಲಿ. 'ಜೂಪಿಟರ್' ಅನ್ನೋ ಆಲ್ಬಂ ಬಂದದ್ದು 2010ರಲ್ಲಿ. ಅದೂ ಚೆನ್ನಾಗಿದೆ, ಸಾಂಬಾ ಮಾತ್ರ ಇಲ್ಲ.

ಭಾನುವಾರ ಬಿಡುವಿದ್ರೆ ಬನ್ನಿ, ಕೇಳೋಣ. ಆ ಗಂಟಲಿಗೆ ಹೆದರಬೇಡಿ, ಮೊದಲ ಸಲ ಬರೀ ಬಾಸ್ ಹಿಡ್ಕೊಂಡು ಹೋಗಿ.