ಏರಿಯ ಮೇಲೊಂದು ಏರೋಡ್ರೋಮು

ನಿವೃತ್ತನಾದ ಮೇಲೆ ನನಗೊಂದು ಚಟ ಹತ್ತಿದೆ. ಸಂಜೆ ನಾಲ್ಕರ ಹೊತ್ತಿಗೆ ನಮ್ಮೂರ ಕೆರೆ ಏರಿಯ ಮೇಲೆ ಹೋಗಿ, ಕತ್ತೆತ್ತಿ ಸುಮ್ಮನೆ ನಿಂತುಬಿಡುವುದು. ಮೊದಮೊದಲು ನೀರುಗಂಟಿ ಯಜಮಾನರಿಗೆ ಅನುಮಾನ. ತೂಬಿನ ಹತ್ತಿರ ಹೀಗೆ ನಿಲ್ಲುವವನು ಒಂದೋ ಮೀನು ಕದಿಯಲು ಬಂದವನು, ಇಲ್ಲವೇ ಮನೆಯಲ್ಲಿ ಜಗಳವಾಡಿ ಬಂದವನು. "ಏನ್ ಮೇಷ್ಟ್ರೇ, ಅಮ್ಮಾವ್ರು ಚೆನ್ನಾಗವ್ರಾ?" ಎಂದು ಸುತ್ತಿಬಳಸಿ ಕೇಳಿದರು. "ಏರೋಪ್ಲೇನ್ ಚಿಟ್ಟೆ ನೋಡ್ತಾ ಇದೀನಿ" ಎಂದೆ. ಅವರ ಮುಖದಲ್ಲಿ ಮೂಡಿದ ಮರುಕ ಕಂಡ ಮೇಲೆ, ಜಗಳವಾಡಿ ಬಂದೆ ಅಂದುಬಿಟ್ಟಿದ್ದರೇ ಮರ್ಯಾದೆ ಉಳಿಯುತ್ತಿತ್ತು ಅನ್ನಿಸಿತು.

ಹೆಸರಿನದೇ ಒಂದು ತಮಾಷೆ. ಮೂವತ್ತು ಕೋಟಿ ವರ್ಷಗಳ ಹಿಂದೆಯೇ ಇವುಗಳ ನಂಟರು ಹಾರಾಡುತ್ತಿದ್ದರು. ಫ್ರಾನ್ಸಿನ ಕಲ್ಲಿದ್ದಲ ಗಣಿಯಲ್ಲಿ ಅಚ್ಚೊತ್ತಿ ಸಿಕ್ಕ ಮೆಗಾನ್ಯೂರಾ ಎಂಬ ಹಿರೀಕನ ರೆಕ್ಕೆಯ ಹರವು ಎರಡು ಅಡಿಗೂ ಮಿಕ್ಕಿತ್ತು. ರೈಟ್ ಸಹೋದರರು ಹಾರಿದ್ದು 1903ರಲ್ಲಿ. ಆದರೂ ನಾವು ಮುತ್ತಜ್ಜನಿಗೆ ಮರಿಮಗನ ಹೆಸರಿಟ್ಟು ಕರೆಯುತ್ತೇವೆ. ಕೊಡತಿ ಕೀಟ ಎಂಬ ಹೆಸರನ್ನು ಪತ್ರಿಕೆಗಳಲ್ಲಿ ಓದಿದ್ದೇನೆ, ನಮ್ಮೂರಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಈಗಿನ ಹುಡುಗರು ಹೆಲಿಕಾಪ್ಟರ್ ಅನ್ನುತ್ತಾರೆ. ನಿಂತಲ್ಲೇ ನಿಂತು, ಬೇಕೆಂದಾಗ ಹಿಂದಕ್ಕೂ ಹಾರುವುದರಿಂದ ಅದೇ ಹೆಚ್ಚು ಸರಿ.

ಇದರ ಬಡಕಲು ತಂಗಿಗಂತೂ ಹೆಸರೇ ಇಲ್ಲ. ನಾನೇ ಸೂಜಿಚಿಟ್ಟೆ ಎಂದು ನಾಮಕರಣ ಮಾಡಿದ್ದೇನೆ. ಇಬ್ಬರನ್ನೂ ಗುರುತಿಸುವುದು ಸುಲಭ. ಏರೋಪ್ಲೇನ್ ಚಿಟ್ಟೆ ಕೂತಾಗ ರೆಕ್ಕೆಯನ್ನು ಬಸ್ಸಿನಲ್ಲಿ ಪೇಪರ್ ಓದುವವನ ಹಾಗೆ ಅಕ್ಕಪಕ್ಕದವರ ಜಾಗಕ್ಕೂ ಚಾಚುತ್ತದೆ. ಸೂಜಿಚಿಟ್ಟೆ ಸಾಮಾನ್ಯವಾಗಿ ಬೆನ್ನ ಮೇಲೆ ಮಡಿಸಿಟ್ಟುಕೊಂಡು, ನೆಂಟರ ಮನೆಯ ಹೆಣ್ಣುಮಗಳ ಹಾಗೆ ಒತ್ತಿ ಕೂರುತ್ತದೆ. ಆ ಸಾಧುತನವನ್ನು ನಂಬಬೇಡಿ. ಇಬ್ಬರೂ ಬೇಟೆಗಾರರೇ.

ನಮ್ಮ ಬಾಲ್ಯದಲ್ಲಿ ಇವುಗಳ ಬಾಲಕ್ಕೆ ದಾರ ಕಟ್ಟಿ ಸಣ್ಣ ಕಲ್ಲು ಎತ್ತಿಸುತ್ತಿದ್ದೆವು. ಯಾರದು ದೊಡ್ಡ ಕಲ್ಲು ಎತ್ತುತ್ತದೋ ಅವನು ಗೆದ್ದ ಹಾಗೆ. ಅದನ್ನು ನೋಡಿದ ಅಜ್ಜಿ ಒಂದು ದಿನ, "ಮುಂದಿನ ಜನ್ಮದಲ್ಲಿ ನೀನೇ ಅದಾಗಿ ಹುಟ್ತೀಯ, ಅದು ನಿನ್ ಬಾಲಕ್ಕೆ ದಾರ ಕಟ್ತದೆ ನೋಡ್ತಿರು" ಎಂದು ಶಪಿಸಿದಳು. ಆಗ ನಕ್ಕಿದ್ದೆ. ಅರವತ್ತು ದಾಟಿದ ಮೇಲೆ ಮುಂದಿನ ಜನ್ಮದ ವಿಚಾರ ಅಷ್ಟು ದೂರದ್ದಲ್ಲವಾದ್ದರಿಂದ, ಹಾಗೆ ಹುಟ್ಟಿದರೆ ಬಾಳು ಹೇಗಿರುತ್ತದೆಂದು ತಿಳಿದುಕೊಳ್ಳುವುದು ಒಳ್ಳೆಯದೆನ್ನಿಸಿತು. ಫ್ರೇಸರ್ ಎಂಬ ಮಿಲಿಟರಿ ಡಾಕ್ಟರು 1933ರಿಂದ 1936ರೊಳಗೆ ಇವುಗಳ ಬಗ್ಗೆ ಮೂರು ದಪ್ಪ ಸಂಪುಟ ಬರೆದಿದ್ದಾರೆ. ಅಷ್ಟು ಓದುವ ತಾಳ್ಮೆ ನನಗಿಲ್ಲ. ಕೆ. ಎ. ಸುಬ್ರಮಣಿಯನ್ ಅವರ ಕೈಪಿಡಿ ಹಿಡಿದುಕೊಂಡು ಏರಿ ಹತ್ತಿದೆ.

ಮೊದಲು ತಿಳಿದದ್ದೇ ಮುಜುಗರದ ಸಂಗತಿ. ರೆಕ್ಕೆ ಬರುವ ಮುಂಚೆ ಇವು ನೀರಡಿಯ ಕೆಸರಿನಲ್ಲಿ ಬದುಕುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿಗೆ ಕಿವಿರು ಇರುವುದು ಆಸನದೊಳಗೆ. ಉಸಿರಾಟ ಅಲ್ಲಿಂದಲೇ. ಯಾರಾದರೂ ಅಟ್ಟಿಸಿಕೊಂಡು ಬಂದರೆ ಅಲ್ಲಿಂದಲೇ ರಭಸವಾಗಿ ನೀರು ಚಿಮ್ಮಿಸಿ ಮುಂದಕ್ಕೆ ನುಗ್ಗುತ್ತದೆ. ಅಂದರೆ ನಿಜವಾದ ಜೆಟ್ ವಿಮಾನ ಇರುವುದು ನೀರೊಳಗೆ! ಕೆಳದುಟಿಯಂತೂ ಮಡಿಸಿಟ್ಟ ಕೈಯಿದ್ದಂತೆ. ಸೊಳ್ಳೆಮರಿ ಹತ್ತಿರ ಸುಳಿದರೆ ಫಕ್ಕನೆ ಚಾಚಿ ಹಿಡಿದು ಬಾಯಿಗೆಳೆದುಕೊಳ್ಳುತ್ತದೆ. ಅಜ್ಜಿಯ ಶಾಪ ಫಲಿಸಿದರೆ ಊಟದ ಚಿಂತೆಯಿಲ್ಲ.

ಏಪ್ರಿಲಿನಲ್ಲಿ ಕೆರೆ ಬತ್ತಿ ಅಂಗಳ ಬಿರುಕು ಬಿಟ್ಟಾಗ ನನ್ನ ಏರೋಡ್ರೋಮು ಮುಚ್ಚಿದಂತೆ ಕಾಣುತ್ತದೆ. ಸಹನೆಯಿಂದ ಹುಡುಕಿದರೆ ಒಣಹುಲ್ಲಿನ ಕಡ್ಡಿಗೆ ಅದೇ ಬಣ್ಣದ ಒಂದು ಸೂಜಿಚಿಟ್ಟೆ ಅಂಟಿಕೊಂಡಿರುತ್ತದೆ. ರೆಕ್ಕೆ ಪೂರ್ತಿ ಮಡಿಸದೆ ಅರ್ಧ ತೆರೆದು ಕೂರುವ ಜಾತಿ ಅದು. ಬೇಸಿಗೆಯನ್ನೆಲ್ಲ ಹಾಗೇ ಕಳೆದು, ಮಳೆ ಬಿದ್ದ ಮೇಲೆಯೇ ಸಂಸಾರ ಹೂಡುತ್ತದೆ. ಅಷ್ಟಿಷ್ಟು ನೀರುಳಿದ ಕುಂಟೆಯ ಬಳಿ ಮಟಮಟ ಮಧ್ಯಾಹ್ನ ಹೋದರೆ ಇನ್ನೊಂದು ನೋಟ. ಕೆಂಪು ಏರೋಪ್ಲೇನ್ ಚಿಟ್ಟೆಗಳು ಕಡ್ಡಿಯ ತುದಿಯಲ್ಲಿ ಬಾಲವನ್ನು ನೇರ ಸೂರ್ಯನ ಕಡೆಗೆ ಎತ್ತಿ ನಿಂತಿರುತ್ತವೆ. ಹಾಗೆ ನಿಂತರೆ ಮೈಗೆ ಬೀಳುವ ಬಿಸಿಲು ಕಡಿಮೆ. ನಾನೂ ಸೆಕೆಗೆ ಶೀರ್ಷಾಸನ ಹಾಕುವ ಯೋಚನೆ ಮಾಡಿದ್ದೆ, ಸೊಂಟ ಒಪ್ಪಲಿಲ್ಲ.

ಮುಂಗಾರು ಬಿದ್ದು ಗುಂಡಿಗಳಲ್ಲಿ ನೀರು ನಿಂತರೆ ಸಾಕು, ಅರಿಶಿನ ಬಣ್ಣದ ಒಂದು ಜಾತಿ ದಂಡುಕಟ್ಟಿ ಬಂದು ಬಾಲ ಅದ್ದಿ ಅದ್ದಿ ಮೊಟ್ಟೆಯಿಡುತ್ತದೆ. ಕಳೆದ ವರ್ಷ ಅಳಿಯ ಹೊಸ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದ್ದ. ಇವು ಬಾನೆಟ್ಟಿಗೂ ಬಾಲ ಕುಟ್ಟತೊಡಗಿದವು. ಹೊಳೆಯುವ ಬಣ್ಣದಿಂದ ಚಿಮ್ಮುವ ಬೆಳಕು ಅವುಗಳ ಕಣ್ಣಿಗೆ ನೀರಿನ ಹಾಗೆಯೇ ಕಾಣುತ್ತದೆ. "ಮಾವ, ಪೇಂಟ್ ಹೋಗುತ್ತಾ?" ಎಂದ ಅಳಿಯ. ಅವುಗಳ ಮೊಟ್ಟೆ ಹೋಗುತ್ತಲ್ಲಪ್ಪಾ ಎಂದು ನನ್ನ ಸಂಕಟ. ಕೊನೆಗೆ ಕಾರಿಗೊಂದು ಹಳೇ ಜಮಖಾನ ಹೊದಿಸಿದೆವು. ಇಬ್ಬರ ಮಾನವೂ ಉಳಿಯಿತು.

ಹಸ್ತ, ಚಿತ್ತೆ ಮಳೆಗಳ ಹೊತ್ತಿಗೆ ಇದೇ ಜಾತಿ ಏರಿಯ ಮೇಲೆ ನೂರಾರು ಸಂಖ್ಯೆಯಲ್ಲಿ ಸುತ್ತುತ್ತಿರುತ್ತದೆ, ಆಮೇಲೆ ನೋಡನೋಡುತ್ತ ತೆಳುವಾಗುತ್ತದೆ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಚಾರ್ಲ್ಸ್ ಆ್ಯಂಡರ್ಸನ್ ಎಂಬ ಸಮುದ್ರಜೀವಿಗಳ ವಿಜ್ಞಾನಿಗೆ, ಸಿಹಿನೀರಿನ ಕೆರೆಕಟ್ಟೆಗಳೇ ಇಲ್ಲದಂಥ ಆ ದ್ವೀಪಗಳಿಗೆ ಪ್ರತಿ ಅಕ್ಟೋಬರಿನಲ್ಲೂ ಇಷ್ಟೊಂದು ಏರೋಪ್ಲೇನ್ ಚಿಟ್ಟೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಹತ್ತಿತು. 2009ರಲ್ಲಿ ಉತ್ತರ ಬರೆದರು: ಇಂಡಿಯಾದಿಂದ ಹೊರಟು, ಗಾಳಿ ಹಿಡಿದು, ಸಮುದ್ರದ ಮೇಲೆ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ, ಮುಂದಿನ ಮುಂಗಾರಿನೊಂದಿಗೆ ವಾಪಸ್ಸು. ಹೋಗಿಬರುವ ದಾರಿ ಅವರ ಲೆಕ್ಕದಲ್ಲಿ 14,000ದಿಂದ 18,000 ಕಿಲೋಮೀಟರ್. ಹೋದದ್ದೇ ಬರುವುದಿಲ್ಲ. ಒಂದು ಸುತ್ತು ಮುಗಿಯಲು ನಾಲ್ಕು ತಲೆಮಾರು ಬೇಕು.

ಇದನ್ನು ನೀರುಗಂಟಿ ಯಜಮಾನರಿಗೆ ಹೇಳಿದೆ. ಬೀಡಿ ಆರಿಹೋಗುವಷ್ಟು ಹೊತ್ತು ಮೇಲೆ ನೋಡಿದರು. "ನಮ್ ಹುಡುಗ ದುಬೈಗೋಗಕ್ಕೆ ಎರಡೆಕರೆ ಮಾರಿಸ್ದ ಮೇಷ್ಟ್ರೇ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಅವ್ನೂ ಬರಲ್ಲ ಅನ್ಸುತ್ತೆ. ಮೊಮ್ಮಕ್ಳು ಬಂದಾರೇನೋ" ಅಂದರು. ಆವತ್ತಿಂದ ಅವರೂ ನನ್ನ ಪಕ್ಕ ನಿಲ್ಲುತ್ತಾರೆ.

ನೋಡುವುದಕ್ಕೆ ಹೇಳಿಮಾಡಿಸಿದ ಕಾಲವೆಂದರೆ ಡಿಸೆಂಬರಿನ ಬೆಳಗು. ಗದ್ದೆಯ ಬದುವಿನಲ್ಲಿ ಮೈತುಂಬ ಇಬ್ಬನಿ ಹೊತ್ತು ಕೂತಿರುತ್ತವೆ. ಹಾರೋಣವೆಂದರೆ ಎಂಜಿನ್ನು ತಣ್ಣಗಾಗಿರುತ್ತದೆ. ರೆಕ್ಕೆಯನ್ನು ಗಡಗಡ ನಡುಗಿಸಿ ಕಾವು ಏರಿಸಿಕೊಂಡರೇ ಉಂಟು. ಹುಡುಗರಾಗಿದ್ದಾಗ ನಾವು ದಾರ ಹಿಡಿದು ಹೊರಡುತ್ತಿದ್ದದ್ದೂ ಇದೇ ಹೊತ್ತಿನಲ್ಲಿ.

ವರ್ಷವಿಡೀ ನಮ್ಮ ಮನೆ ಬಿಟ್ಟು ಕದಲದವನು ಒಬ್ಬನಿದ್ದಾನೆ. ಕಲ್ಲಿನ ಮೇಲೆ ಕೂತರೆ ಕಲ್ಲೇ ಆಗಿಬಿಡುವ ಬೂದು ಚುಕ್ಕೆಯವನು. ಅವನ ಸಂಸಾರವೆಲ್ಲ ಹಿತ್ತಲ ಕಲ್ಲುತೊಟ್ಟಿಯಲ್ಲಿ. ಡೆಂಗಿ ತಪಾಸಣೆಗೆ ಬಂದ ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ನೋಡಿ, "ಇದೇನ್ ಸಾರ್, ಚೇಳಿನ ಮರಿ ಸಾಕಿದೀರಾ?" ಎಂದು ಹಿಂದೆ ಸರಿದಳು. ಸೊಳ್ಳೆಮರಿಯನ್ನು ಅದೇ ತಿನ್ನುತ್ತದಮ್ಮ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಎಲ್ಲ ಕೇಳಿಕೊಂಡು, "ಆದ್ರೂ ವಾರಕ್ಕೊಂದ್ಸಲ ತೊಟ್ಟಿ ತೊಳೀಬೇಕು ಸಾರ್" ಎಂದು ಬರೆದುಕೊಂಡು ಹೋದಳು. ಅಂದಿನಿಂದ ಪ್ರತಿ ಭಾನುವಾರ ಮರಿಗಳನ್ನು ಸೌಟಿನಲ್ಲಿ ಎತ್ತಿ ಬಕೆಟ್ಟಿಗೆ ಹಾಕಿ, ತೊಟ್ಟಿ ಉಜ್ಜಿ, ಹೊಸ ನೀರು ತುಂಬಿ ಮತ್ತೆ ಒಳಗೆ ಬಿಡುವುದು ನನ್ನ ಕೆಲಸ. ಸೌಟು ಯಾವುದೆಂದು ಮನೆಯಾಕೆಗೆ ಇನ್ನೂ ಗೊತ್ತಿಲ್ಲ.

ಮೊನ್ನೆ ಭಾನುವಾರ ಬೆಳಗ್ಗೆ ಮೋಟರ್ ಹಾಕಲು ಹೋದವನಿಗೆ ಹಿತ್ತಲಿಂದ ಅವಳ ಕೂಗು ಕೇಳಿತು: "ರೀ, ಹಾಕ್ಬೇಡಿ, ನೀರು ಸಿಡಿಯುತ್ತೆ! ತೊಟ್ಟಿ ಗೋಡೆ ಮೇಲೆ ಒಬ್ಬ ಅಂಗಿ ಬಿಚ್ತಾ ಇದಾನೆ."