ಆರು ಪಾಯಿಂಟಿನ ಆಸಾಮಿ

ಎಕ್ಕ, ರಾಜ ಕೈತುಂಬ ಬಂದವನಿಗೆ ಬ್ರಿಜ್ ಆಡಲು ಅಂಥ ಬುದ್ಧಿಯೇನೂ ಬೇಕಿಲ್ಲ. ಏನೂ ಬಾರದವನಿಗೂ ಬೇಕಿಲ್ಲ. ‘ಪಾಸ್’ ಅಂದು ಚಹಾ ಕುಡಿಯುತ್ತ ಕೂತರಾಯಿತು. ಪೀಕಲಾಟವೆಲ್ಲ ನಡುವೆ ಸಿಕ್ಕವನದು. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂಬ ಲೆಕ್ಕದಲ್ಲಿ ಇಡೀ ಕಟ್ಟಿಗೆ 40 ಪಾಯಿಂಟು. ನಾಲ್ವರಿಗೆ ಸಮನಾಗಿ ಹಂಚಿದರೆ ತಲೆಗೆ ಹತ್ತು. ಈ ಸಮಪಾಲಿನ ನ್ಯಾಯ ಜೇವರ್ಗಿ ಕಾಲೋನಿಯ ನಮ್ಮ ಮಾಳಿಗೆಯವರೆಗೆ ಇನ್ನೂ ಬಂದು ಮುಟ್ಟಿಲ್ಲ. ನನ್ನ ಪಾಲಿಗೆ ಬರುವುದು ಆರು, ಹೆಚ್ಚೆಂದರೆ ಏಳು.

ಇದಕ್ಕಿಂತ ಕಡೆಯ ಕೈಗಳಿವೆ, ನಿಜ. ಒಂಬತ್ತಕ್ಕಿಂತ ದೊಡ್ಡ ಎಲೆ ಒಂದೂ ಇಲ್ಲದ ಕೈಗೆ ಯಾರ್ಬರೋ ಎಂದು ಹೆಸರು. ಆ ಹೆಸರಿನ ಇಂಗ್ಲಿಷ್ ಜಹಗೀರದಾರನೊಬ್ಬ ಅಂಥ ಕೈ ಬರುವುದಿಲ್ಲವೆಂದು ಒಂದಕ್ಕೆ ಸಾವಿರದಂತೆ ಪಂಥ ಕಟ್ಟುತ್ತಿದ್ದನಂತೆ. ಲೆಕ್ಕದ ಪ್ರಕಾರ ಅದು ಬರುವುದು 1828 ಕೈಗೆ ಒಮ್ಮೆ. ಇದನ್ನು ಕೇಳಿದ ನಮ್ಮ ಅಡತಿ ಸಾಹುಕಾರರು, “ಅಂವ ಇಲ್ಲಿ ತೊಗರಿ ಅಡತಿ ಇಡಬೇಕಿತ್ತು ನೋಡ್ರಿ” ಎಂದು ಮನಸಾರೆ ಮೆಚ್ಚಿದರು.

ಸಾಹುಕಾರರು ನನ್ನ ಬಲಗಡೆಯ ಎದುರಾಳಿ. ಮಾರುಕಟ್ಟೆಯಲ್ಲಿ ಕಾಳನ್ನು ಬೊಗಸೆಯಲ್ಲಿ ಹಿಡಿದು, ಊದಿ, ಕಡಿದು ನೋಡಿ, ಆಮೇಲೆ ಬಾಯಿ ತೆರೆಯುವ ಮನುಷ್ಯ. ಬ್ರಿಜ್ ಹಲಗೆಯ ಮುಂದೆ ಕೂತರೆ ಎಲೆ ಜೋಡಿಸುವ ಮೊದಲೇ ಕೂಗುತ್ತಾರೆ. ಎಡಗಡೆಗೆ ಕಮಲಾಪುರದಿಂದ ಬರುವ ಬ್ಯಾಂಕಿನವರು. ನಿವೃತ್ತಿಯ ನಂತರ ಬಾಳೆ ತೋಟ ಮಾಡಿಕೊಂಡಿದ್ದಾರೆ. ಕಮಲಾಪುರದ ಕೆಂಬಾಳೆಗೆ ಭೌಗೋಳಿಕ ಸೂಚಕದ ಮುದ್ರೆ ಸಿಕ್ಕ ಮೇಲೆ ಹಣ್ಣನ್ನು ಅವರು ಕೈಯಲ್ಲಿ ಹಿಡಿಯುವ ರೀತಿಯೇ ಬೇರೆ. ನನ್ನ ಎದುರಿಗೆ, ಅಂದರೆ ಜೊತೆಗಾರರಾಗಿ, ಗಣಿತದ ಮಾಸ್ತರರು. ಅಂಕಗಳನ್ನು ಟೂರ್ನಮೆಂಟಿನ ಪದ್ಧತಿಯಲ್ಲೇ ಬರೆಯಬೇಕೆಂಬುದು ಅವರ ಹಟ.

ಒಂದು ಸಂಜೆಯ ಕೈ ಹೇಳುತ್ತೇನೆ. ಮಾಸ್ತರರು ‘ಒನ್ ಹಾರ್ಟ್’ ಅಂದರು. ಸಾಹುಕಾರರು ಉಸಿರು ಬಿಡುವಷ್ಟರಲ್ಲಿ ‘ಒನ್ ಸ್ಪೇಡ್’ ಅಂದರು. ನನ್ನಲ್ಲಿ ಹಾರ್ಟಿನ ರಾಣಿ, ಎಂಟು, ನಾಲ್ಕು; ಡೈಮಂಡಿನ ರಾಜನ ಹಿಂದೆ ನಾಲ್ಕು ಸಣ್ಣ ಎಲೆ; ಕ್ಲಬ್ಬಿನಲ್ಲಿ ಗುಲಾಮ ಮತ್ತವನ ಇಬ್ಬರು ಬಡ ನೆಂಟರು; ಸ್ಪೇಡು ಎರಡು, ಎರಡೂ ಪುಡಿ. ಒಟ್ಟು ಆರು.

ಈಗ ದಾರಿ ನಾಲ್ಕು. ಪಾಸ್ ಅನ್ನಬಹುದು, ಅದು ಸಭ್ಯತೆ, ಆದರೆ ಮಾಸ್ತರರಿಗೆ ನಾನು ಬದುಕಿದ್ದೇನೋ ಇಲ್ಲವೋ ತಿಳಿಯುವುದಿಲ್ಲ. ‘ಟೂ ಡೈಮಂಡ್ಸ್’ ಅನ್ನಲು ಕೈ ತುರಿಸುತ್ತದೆ, ಐದು ಎಲೆ ಇವೆಯಲ್ಲ. ಆದರೆ ಹಾಗೆ ಕೂಗುವವನ ಬಳಿ ಹತ್ತಾದರೂ ಪಾಯಿಂಟು ಇರಬೇಕು, ಇಲ್ಲದಿದ್ದರೆ ಮಾಸ್ತರರು ಅದನ್ನು ನಂಬಿ ಮೇಲಕ್ಕೇರುತ್ತಾರೆ, ಏಣಿ ಹಿಡಿಯಲು ಕೆಳಗೆ ಯಾರೂ ಇರುವುದಿಲ್ಲ. ಮೂರನೆಯದು ಡಬಲ್. 1957ರಲ್ಲಿ, ರಷ್ಯಾ ಉಪಗ್ರಹ ಹಾರಿಸಿದ ವರ್ಷವೇ ಆಲ್ವಿನ್ ರಾತ್ ರೂಢಿಗೆ ತಂದದ್ದರಿಂದ ಅದಕ್ಕೆ ಸ್ಪುಟ್ನಿಕ್ ಡಬಲ್ ಎಂದೇ ಹೆಸರು ಬಿತ್ತು. ಉಳಿದೆರಡು ಜಾತಿಯ ಎಲೆ ನನ್ನಲ್ಲಿವೆ ಎಂಬ ಸುದ್ದಿ ಅದು ಮುಟ್ಟಿಸುತ್ತದೆ. ಆದರೆ ಮಾಸ್ತರರ ಹಾರ್ಟಿಗೆ ನನ್ನಲ್ಲಿ ಮೂರು ಎಲೆಯ ಆಸರೆ ಇದೆ ಎಂಬ ಮುಖ್ಯ ಸುದ್ದಿಯನ್ನೇ ನುಂಗಿಬಿಡುತ್ತದೆ.

ಉಳಿದದ್ದು ‘ಟೂ ಹಾರ್ಟ್ಸ್’. ಅವರವು ಐದು, ನನ್ನವು ಮೂರು, ಒಟ್ಟು ಎಂಟು ಹುಕುಮಿನ ಎಲೆ. 1969ರಲ್ಲಿ ಝಾಂ ರೆನೆ ವೆರ್ನ್ ಎಂಬ ಫ್ರೆಂಚರು ಬರೆದು, 1992ರಲ್ಲಿ ಲ್ಯಾರಿ ಕೋಹೆನ್ ಪುಸ್ತಕ ಮಾಡಿ ಹಬ್ಬಿಸಿದ ಸೂತ್ರವೊಂದಿದೆ: ಇಬ್ಬರ ಹುಕುಂ ಸೇರಿ ಎಷ್ಟೋ ಅಷ್ಟು ಟ್ರಿಕ್ಕಿನವರೆಗೆ ಧೈರ್ಯವಾಗಿ ಕೂಗು. ಎಂಟು ಎಲೆಗೆ ಎಂಟು ಟ್ರಿಕ್ಕು, ಅಂದರೆ ಎರಡರ ಮಟ್ಟ. ಪಾಯಿಂಟಿನ ಬಡವನಿಗೆ ಎಲೆಯ ಎಣಿಕೆಯೇ ರೇಷನ್ ಕಾರ್ಡು. ನಾನು ಗಂಟಲು ಸರಿಮಾಡಿಕೊಂಡು ‘ಟೂ ಹಾರ್ಟ್ಸ್’ ಅಂದೆ.

ಬ್ಯಾಂಕಿನವರು ‘ಟೂ ಸ್ಪೇಡ್ಸ್’. ಮಾಸ್ತರರು ಪಾಸ್, ಸಾಹುಕಾರರು ಪಾಸ್. ಮತ್ತೆ ಎಲ್ಲರ ಕಣ್ಣು ನನ್ನ ಮೇಲೆ.

ದುರ್ಬಲ ಕೈಯ ನಿಜವಾದ ಪರೀಕ್ಷೆ ಈ ಎರಡನೆಯ ಸುತ್ತಿನದು. ಎದುರಿನವ ಒಂದು ಮೆಟ್ಟಿಲು ಹತ್ತಿದ ಕೂಡಲೇ ನಮ್ಮ ಆರು ಪಾಯಿಂಟು ಹನ್ನೆರಡಾದಂತೆ ರಕ್ತ ಬಿಸಿಯಾಗುತ್ತದೆ; ಅದಕ್ಕೆ ಕಲಬುರಗಿಯ ಬಿಸಿಲೂ ಸ್ವಲ್ಪ ಕಾರಣವಿರಬಹುದು. ಆದರೆ ನನ್ನಲ್ಲಿ ಇದ್ದದ್ದನ್ನೆಲ್ಲ ಒಮ್ಮೆ ಹೇಳಿ ಆಗಿದೆ. ಆರನೆಯ ಹಾರ್ಟು ಇದ್ದಿದ್ದರೆ ಮಾಸ್ತರರೇ ಮೂರಕ್ಕೇರುತ್ತಿದ್ದರು. ಮೇಲಾಗಿ ಆ ಕೈಯಲ್ಲಿ ನಾವು ವಲ್ನರಬಲ್, ದಂಡದ ದರ ದುಪ್ಪಟ್ಟು.

“ಏನ್ರೀ, ಎಷ್ಟೊತ್ತು ವಿಚಾರ ಮಾಡ್ಲತ್ತೀರಿ?” ಎಂದರು ಸಾಹುಕಾರರು.

“ಪಾಸ್” ಅಂದೆ.

ಬ್ಯಾಂಕಿನವರು ತಮ್ಮ ಹದಿಮೂರು ಎಲೆ ಹಲಗೆಯ ಮೇಲೆ ಹರವಿ, ಡಮ್ಮಿಯಾದವನ ಪೂರ್ಣ ಸ್ವಾತಂತ್ರ್ಯದಲ್ಲಿ ಎದ್ದುಹೋದರು. ಸಾಹುಕಾರರು ಬೆವರಿಳಿಸಿ ಸರಿಯಾಗಿ ಎಂಟು ಟ್ರಿಕ್ಕು ಎತ್ತಿದರು. ಅವರಿಗೆ 110.

ಮಾಸ್ತರರು ಸುಮ್ಮನಾಗಲಿಲ್ಲ. ಐವತ್ತೆರಡೂ ಎಲೆ ಅಂಗಾತ ಹಾಕಿ ಲೆಕ್ಕಕ್ಕೆ ಕೂತರು. ಮೂರು ಹಾರ್ಟು ಆಡಿದ್ದರೆ ಒಂದು ಟ್ರಿಕ್ಕು ಕಡಿಮೆ ಬೀಳುತ್ತಿತ್ತು, ದಂಡ 100. “ನೋಡ್ರಿ, ಹತ್ತು ಉಳೀತಿತ್ತು!” ಅಂದರು. ಡಬಲ್ ಬಿದ್ದಿದ್ದರೆ 200 ಆಗುತ್ತಿತ್ತಲ್ಲ ಅಂದೆ ನಾನು. ಅಲ್ಲಿಗೆ ಸತ್ಯವೆಲ್ಲ ಒಂದೇ ಪ್ರಶ್ನೆಗೆ ಬಂದು ನಿಂತಿತು: ಸಾಹುಕಾರರು ಡಬಲ್ ಅನ್ನುತ್ತಿದ್ದರೋ ಇಲ್ಲವೋ? ಇಬ್ಬರೂ ಅವರತ್ತ ತಿರುಗಿದೆವು.

“ಅದು ಯಾಪಾರದ ಗುಟ್ಟದರಿ” ಎಂದು ಅವರು ಎಲೆ ಕಲೆಸತೊಡಗಿದರು.

ಕೆಳಗಿನಿಂದ ಚಹಾ ತಂದ ನನ್ನ ಹೆಂಡತಿಗೆ ಮಾಸ್ತರರು ಪ್ರತಿ ಸಲದಂತೆ 2018ರ ಜಕಾರ್ತಾ ಏಷ್ಯನ್ ಗೇಮ್ಸ್ ನೆನಪಿಸಿದರು. ಅರವತ್ತು ವರ್ಷದ ಪ್ರಣಬ್ ಬರ್ಧನ್, ಐವತ್ತಾರರ ಶಿಬ್‌ನಾಥ್ ಸರ್ಕಾರ್ ಬ್ರಿಜ್ ಜೋಡಿ ಸ್ಪರ್ಧೆಯಲ್ಲಿ ಭಾರತಕ್ಕೆ ಚಿನ್ನ ತಂದ ಕತೆ.

“ಅವ್ರು ಬಂಗಾರ ತಂದ್ರು ಖರೆ. ನೀವು ಬಾಳಿಹಣ್ಣರ ಗೆದ್ರೇನ್ರಿ?” ಅಂದಳು.

ನಮ್ಮಲ್ಲಿ ಸೋತ ಜೋಡಿ ಎಲ್ಲರಿಗೂ ಕೆಂಬಾಳೆ ತಿನ್ನಿಸಬೇಕೆಂಬ ಕಟ್ಟಳೆ. ಹಣ್ಣು ಕಮಲಾಪುರದಿಂದ ಬ್ಯಾಂಕಿನವರೇ ಚೀಲದಲ್ಲಿ ತಂದಿರುತ್ತಾರೆ, ದರವನ್ನೂ ಅವರೇ ಹೇಳುತ್ತಾರೆ. ಆ ಸಂಜೆ ನಾನೂ ಮಾಸ್ತರರೂ ಜೇಬು ತಡಕಾಡುತ್ತಿದ್ದಾಗ, ಅವರು ಎರಡನೆಯ ಹಣ್ಣು ಸುಲಿಯುತ್ತ ಮುಂದಿನ ವಾರ ಆಟ ಎರಡು ದಿನ ಇಟ್ಟುಕೊಳ್ಳೋಣವೇ ಎಂದು ಕೇಳಿದರು.